ಬೆಟ್ಟ ಹತ್ತದ ಯಾತ್ರಿಕರು

2025ರ ಜುಲೈ 2ರಂದು ಕರ್ನಾಟಕದ ಸಚಿವ ಸಂಪುಟ ನಂದಿ ಬೆಟ್ಟದ ಮೇಲೆ ಸಭೆ ಸೇರಿತು. ಬೆಂಗಳೂರು ಗ್ರಾಮಾಂತರ ಜಿಲ್ಲೆ ಇನ್ನು ಮುಂದೆ ಬೆಂಗಳೂರು ಉತ್ತರ, ಬಾಗೇಪಲ್ಲಿ ಇನ್ನು ಮುಂದೆ ಭಾಗ್ಯನಗರ ಎಂಬ ತೀರ್ಮಾನಗಳು ಹೊರಬಿದ್ದದ್ದು ಅಲ್ಲಿಂದಲೇ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಆ ನೆತ್ತಿಗೆ ಇಂಥ ಕಲಾಪ ಹೊಸದೇನಲ್ಲ. 1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಸಮ್ಮೇಳನ ನಡೆದಾಗ ಏಳು ದೇಶಗಳ ನಾಯಕರನ್ನು ಇಲ್ಲಿಗೇ ಕರೆತಂದಿದ್ದರು. 1927ರ ಏಪ್ರಿಲಿನಲ್ಲಿ ಆರೋಗ್ಯ ಕೆಟ್ಟಿದ್ದ ಗಾಂಧೀಜಿ ಸುಧಾರಿಸಿಕೊಳ್ಳಲು ಬಂದು ಒಂದೂವರೆ ತಿಂಗಳು ಉಳಿದರು. 1936ರಲ್ಲಿ ಮತ್ತೊಮ್ಮೆ ಬಂದರು. ಅವರಿಗೂ ಮೊದಲು ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆ ಬಂತೆಂದರೆ ಬೆಂಗಳೂರು ಬಿಟ್ಟು ಇಲ್ಲಿನ ತನ್ನ ಬಂಗಲೆ ಸೇರುತ್ತಿದ್ದ.

ಅದಕ್ಕೂ ಹಿಂದೆ ಇಲ್ಲಿದ್ದದ್ದು ಫಿರಂಗಿ. ಹೈದರ್ ಮತ್ತು ಟಿಪ್ಪು ಬಲಪಡಿಸಿದ ನಂದಿದುರ್ಗವನ್ನು ಯಾರೂ ಗೆಲ್ಲಲಾರರು ಎಂಬ ಮಾತಿತ್ತು. ಕಾರ್ನ್‌ವಾಲಿಸನ ಸೈನ್ಯದ ಮೇಜರ್ ಗೌಡಿ ಮೂರು ವಾರ ಮುತ್ತಿಗೆ ಹಾಕಿ, ಕಡಿದಾದ ಇಳಿಜಾರಿನಲ್ಲಿ ದಾರಿ ಕಡಿಸಿ, ಫಿರಂಗಿಗಳನ್ನು ಮೇಲಕ್ಕೆಳೆಸಿ, ಗೋಡೆ ಒಡೆದ. 1791ರ ಅಕ್ಟೋಬರ್ 19ರ ನಸುಕಿನಲ್ಲಿ, ಬೆಳದಿಂಗಳಿರುವಾಗಲೇ, ಕೋಟೆ ಬಿತ್ತು. ಲಗ್ಗೆಯಲ್ಲಿ ಗಾಯಗೊಂಡ ಇಂಗ್ಲಿಷ್ ಪಡೆಯವರಲ್ಲಿ ಗುಂಡು ತಾಗಿದವರಿಗಿಂತ ಮೇಲಿನಿಂದ ಉರುಳಿಬಿಟ್ಟ ಬಂಡೆಗಳಿಗೆ ಸಿಕ್ಕವರೇ ಹೆಚ್ಚು.

ದಂಡನಾಯಕರು, ಕಮಿಷನರು, ಮಂತ್ರಿಗಳು, ಈಗ ಶನಿವಾರ-ಭಾನುವಾರ ಸೂರ್ಯೋದಯ ನೋಡಲು ಕತ್ತಲಲ್ಲೇ ಬೈಕು, ಕಾರು ಹತ್ತಿ ಬರುವ ಬೆಂಗಳೂರಿನ ಹುಡುಗ ಹುಡುಗಿಯರು: ನಂದಿಯ ಚರಿತ್ರೆ ಎಂದು ಪುಸ್ತಕಗಳಲ್ಲಿ ಸಿಗುವುದು ಬಹುಪಾಲು ಹೀಗೆ ಮೇಲೆ ಹೋದವರ ಚರಿತ್ರೆಯೇ. ಆದರೆ ಚಿಕ್ಕಬಳ್ಳಾಪುರ ಸೀಮೆಯ ಜನ ಈ ಬೆಟ್ಟದ ಜೊತೆ ಇಟ್ಟುಕೊಂಡ ನಂಟು ಬೇರೆ ಥರದ್ದು. ಅದು ಹತ್ತುವ ನಂಟಲ್ಲ, ಸುತ್ತುವ ನಂಟು.

ಆಷಾಢದ ಕೊನೆಯ ಸೋಮವಾರ ನಂದಿ ಗ್ರಾಮಕ್ಕೆ ಹೋದರೆ ಅದು ಕಣ್ಣಿಗೆ ಬೀಳುತ್ತದೆ. ಬೆಳಗಿನ ಜಾವದಿಂದಲೇ ಭೋಗನಂದೀಶ್ವರನ ದೇವಸ್ಥಾನದ ಮುಂದೆ ಜನ ಸೇರುತ್ತಾರೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯಿಂದ ಬಂದವರು. ಮನೆಮಂದಿಯೆಲ್ಲ ಜೊತೆಯಾಗಿ ಹೊರಟವರು, ಭಜನೆಯ ಗುಂಪುಗಳು. ಪೂಜೆ ಮುಗಿಸಿ ಬೆಟ್ಟವನ್ನು ಬಲಕ್ಕಿಟ್ಟುಕೊಂಡು ನಡೆಯಲು ಶುರು. ಕುಡುವತಿ, ಕಾರಹಳ್ಳಿ ಕ್ರಾಸು, ಹೆಗ್ಗಡಿಹಳ್ಳಿ, ಆಮೇಲೆ ಕಣಿವೆಯ ದಾರಿ, ಸುಲ್ತಾನ್‌ಪೇಟೆ, ಮತ್ತೆ ನಂದಿ. ಒಟ್ಟು ಹದಿನೈದು ಕಿಲೋಮೀಟರ್ ಆಸುಪಾಸು. ಇದೇ ನಂದಿ ಗಿರಿ ಪ್ರದಕ್ಷಿಣೆ. ಹರಕೆ ಹೊತ್ತವರು ಬರಿಗಾಲಲ್ಲಿ ನಡೆಯುತ್ತಾರೆ, ಉಳಿದವರು ಚಪ್ಪಲಿಯಲ್ಲೋ ಶೂನಲ್ಲೋ. ದಾರಿಯುದ್ದಕ್ಕೂ ಊರಿನವರು ಶಾಮಿಯಾನ ಹಾಕಿ ಪಾನಕ, ಮಜ್ಜಿಗೆ, ಕೋಸಂಬರಿ, ಚಿತ್ರಾನ್ನ ಕೊಡುತ್ತಾರೆ. ಆಷಾಢದ ಗಾಳಿ ಬೀಸುತ್ತಿರುತ್ತದೆ, ಸೋನೆ ಬಂದರೂ ಬಂತು. ಸುಲ್ತಾನ್‌ಪೇಟೆಯಿಂದ ನೆತ್ತಿಗೆ ಹೋಗುವ ಹಳೆಯ ಕಲ್ಲುಮೆಟ್ಟಿಲುಗಳಿವೆ, ಸಾವಿರಕ್ಕೂ ಮೇಲೆ. ಅಂದು ಆ ಮೆಟ್ಟಿಲ ದಾರಿ ಸಿಕ್ಕಾಗಲೂ ಜನ ಸುಮ್ಮನೆ ಮುಂದಕ್ಕೆ ಹೋಗುತ್ತಾರೆ. ವ್ರತಕ್ಕೆ ಸುತ್ತು ಮುಗಿಯಬೇಕು, ಅಷ್ಟೇ.

ಮದುವೆ ಮುಂಜಿಗೆ ಬೇಡವಾದ ಆಷಾಢವೇ ಬೆಟ್ಟಕ್ಕೆ ಬೇಕಾದದ್ದು ಹೇಗೆ? ರೈತನ ಲೆಕ್ಕದಲ್ಲಿ ಉತ್ತರ ಸುಲಭ. ಮುಂಗಾರಿನ ಮೊದಲ ಉಳುಮೆ ಮುಗಿದಿರುತ್ತದೆ, ರಾಗಿ ಬಿತ್ತನೆ ಆಗಿರುತ್ತದೆ ಇಲ್ಲವೇ ಹದಕ್ಕೆ ಕಾಯುತ್ತಿರುತ್ತದೆ, ಸಮಾರಂಭಗಳಿಲ್ಲ. ಆದರೆ ಈ ತಿಂಗಳಿಗೆ ಇನ್ನೂ ಹಳೆಯ ಧರ್ಮದ ಲೆಕ್ಕವೊಂದಿದೆ. ಊರೂರು ಅಲೆಯುವ ಬೌದ್ಧ ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನಿಲ್ಲಬೇಕು ಎಂಬ ವರ್ಷಾವಾಸದ ನಿಯಮ ಶುರುವಾಗುವುದು ಆಷಾಢದ ಹುಣ್ಣಿಮೆಯ ಮರುದಿನದಿಂದ. ಮಳೆಯಲ್ಲಿ ತಿರುಗಾಡಿದರೆ ಎಳೆಪೈರು, ಹುಳುಹುಪ್ಪಟೆ ಕಾಲಿಗೆ ಸಿಕ್ಕಿ ಸಾಯುತ್ತವೆ ಎಂಬ ಕಾರಣಕ್ಕೆ ಬಂದ ನಿಯಮ ಅದು. ಬುದ್ಧ ಸಾರನಾಥದಲ್ಲಿ ಮೊದಲ ಉಪದೇಶ ಕೊಟ್ಟದ್ದೂ ಅದೇ ಹುಣ್ಣಿಮೆ ಎಂದು ಬೌದ್ಧರು ಆಚರಿಸುತ್ತಾರೆ. ಜೈನ ಮುನಿಗಳ ಚಾತುರ್ಮಾಸವೂ ಆಷಾಢದಲ್ಲೇ ಆರಂಭ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಯೋಗಿ ನಾರೇಯಣ ತಾತಯ್ಯನವರ ಸನ್ನಿಧಿಗೆ ಗುರುಪೂಜೆಗೆಂದು ಸಾವಿರಾರು ಜನ ಬಂದು ತತ್ತ್ವಪದಗಳ ಹಾಡಿನಲ್ಲಿ ರಾತ್ರಿ ಕಳೆಯುವುದೂ ಆ ಹುಣ್ಣಿಮೆಗೇ. ಇವೆಲ್ಲ ಒಂದರಿಂದ ಒಂದು ಹುಟ್ಟಿದವು ಎಂದು ಹೇಳಲು ಆಧಾರವಿಲ್ಲ. ಆದರೆ ನಂದಿಯ ಸುತ್ತಮುತ್ತ ಈ ಮೂರೂ ಧರ್ಮದವರು ಒಂದೊಂದು ಕಾಲದಲ್ಲಿ ಆಷಾಢ ಕಳೆದದ್ದಂತೂ ಮಣ್ಣು ಮತ್ತು ಕಲ್ಲು ಹೇಳುವ ಸತ್ಯ.

ಮಣ್ಣಿನ ಸಾಕ್ಷಿ ಸಿಕ್ಕಿದ್ದು ರಾಜಘಟ್ಟದಲ್ಲಿ.

ಬೆಟ್ಟಸಾಲಿನ ಪಶ್ಚಿಮದ ಬಯಲಿನಲ್ಲಿ, ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿರುವ ಸಾಧಾರಣ ಹಳ್ಳಿ ಅದು. ಅಲ್ಲಿನ ದಿಬ್ಬವೊಂದನ್ನು 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪುರಾತತ್ತ್ವಜ್ಞ ಎಂ.ಎಸ್. ಕೃಷ್ಣಮೂರ್ತಿ ಮತ್ತು ಅವರ ತಂಡ ಅಗೆಯಲು ತೊಡಗಿತು. 2004ರಲ್ಲಿ ಇನ್ನೊಂದು ಸುತ್ತು ಉತ್ಖನನ ನಡೆಯಿತು. ಹೊರಬಂದದ್ದು ಇಟ್ಟಿಗೆಯ ಬುನಾದಿಗಳು: ಒಂದು ಚೈತ್ಯ, ಪಕ್ಕದಲ್ಲಿ ಭಿಕ್ಷುಗಳ ಕೋಣೆಗಳಿದ್ದ ವಿಹಾರ. ಕಾಲ ಗಂಗರ ಆರಂಭದ ದಿನಗಳದು. ಕರ್ನಾಟಕದಲ್ಲಿ ಬೌದ್ಧ ನೆಲೆ ಎಂದರೆ ಸನ್ನತಿ, ಬನವಾಸಿ, ಐಹೊಳೆ ಎಂದು ಉತ್ತರದತ್ತ ಕೈ ತೋರಿಸುತ್ತಿದ್ದ ವಿದ್ವಾಂಸರಿಗೆ ಬೆಂಗಳೂರಿನ ಬೆನ್ನಿಗೇ ಇಂಥದೊಂದು ಸಿಕ್ಕಿದ್ದು ದೊಡ್ಡ ಸುದ್ದಿಯೇ ಆಗಬೇಕಿತ್ತು. ಆಯಿತು, ಕೆಲವು ದಿನ. ಇವತ್ತು ನಂದಿಗೆ ಹೋಗುವ ನೂರು ಜನರಲ್ಲಿ ರಾಜಘಟ್ಟದ ಹೆಸರು ಕೇಳಿದವರು ಒಬ್ಬಿಬ್ಬರಿದ್ದರೆ ಹೆಚ್ಚು.

ಇಟ್ಟಿಗೆ ಗೋಡೆಗಿಂತ ಬೆರಗು ಹುಟ್ಟಿಸುವುದು ಅಲ್ಲಿ ಸಿಕ್ಕ ಮಣ್ಣಿನ ಪುಟ್ಟ ಸ್ತೂಪಗಳು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು, ನೂರಾರು. ಅವುಗಳ ಒಡಲಲ್ಲಿ ನಾಣ್ಯದಂಥ ಮಣ್ಣಿನ ಬಿಲ್ಲೆ. ಬಿಲ್ಲೆಯ ಮೇಲೆ ಮುದ್ರೆ ಒತ್ತಿ ಮೂಡಿಸಿದ ಸಣ್ಣ ಅಕ್ಷರಗಳ ಸಾಲುಗಳು. ಲೋಕದಲ್ಲಿ ಆಗುವುದಕ್ಕೆಲ್ಲ ಕಾರಣವೊಂದಿದೆ, ಆ ಕಾರಣವನ್ನೂ ಅದರ ನಿಲುಗಡೆಯನ್ನೂ ತಥಾಗತ ತಿಳಿಸಿದ್ದಾನೆ ಎಂಬ ಅರ್ಥದ ಬೌದ್ಧ ಸೂತ್ರ ಅದು. ಬಿಲ್ಲೆಯನ್ನು ಒಳಗಿಟ್ಟು ಮುಚ್ಚಿದ ಮೇಲೆ ಯಾರೂ ಓದುವಂತಿಲ್ಲ. ಓದಲೆಂದು ಬರೆದದ್ದೂ ಅಲ್ಲ. ಬುದ್ಧನ ಅಸ್ಥಿ ಸಿಗದ ಕಡೆ ಬುದ್ಧನ ಮಾತೇ ಅಸ್ಥಿಯ ಜಾಗದಲ್ಲಿ ಕೂತಿತು ಎಂದು ಬೌದ್ಧ ಕಲೆಯ ಇತಿಹಾಸಕಾರರು ವಿವರಿಸುತ್ತಾರೆ. ಬಂದ ಭಕ್ತ ಒಂದು ಸ್ತೂಪ ಮಾಡಿಯೋ ಮಾಡಿಸಿಯೋ ಚೈತ್ಯದ ಬಳಿ ಇಟ್ಟು, ಪ್ರದಕ್ಷಿಣೆ ಬಂದು, ಕೈಮುಗಿದು ಹೊರಡುತ್ತಿದ್ದ. ಹಾಗೆ ಇಟ್ಟುಹೋದವರ ಹೆಸರು, ಕುಲ, ಊರು ಒಂದೂ ಉಳಿದಿಲ್ಲ. ಶಾಸನಗಳಲ್ಲಿ ದಾನಿಯ ಹೆಸರು, ಅವನ ತಂದೆಯ ಹೆಸರು, ಅವನ ಬಿರುದುಗಳು ಉದ್ದುದ್ದ ಬರುವ ನಾಡಿನಲ್ಲಿ ಈ ಹೆಸರಿಲ್ಲದ ಹರಕೆಗಳು ಒಂದು ಬೇರೆಯೇ ದಾಖಲೆ.

ಇಂಥ ಮಣ್ಣಿನ ಹರಕೆಯ ಪದ್ಧತಿ ಬುದ್ಧಗಯೆ, ನಾಲಂದಾದಿಂದ ಹಿಡಿದು ಹಿಮಾಲಯದಾಚೆಗೂ ಹಬ್ಬಿತು. ಟಿಬೆಟ್ಟಿನವರು ಇವತ್ತಿಗೂ ಅಚ್ಚಿನಲ್ಲಿ ಮಣ್ಣು ಒತ್ತಿ ಚಿಕ್ಕ ಸ್ತೂಪ, ಬಿಂಬಗಳನ್ನು ಮಾಡುತ್ತಾರೆ, ತ್ಸಾತ್ಸಾ ಎನ್ನುತ್ತಾರೆ. ಗುಹೆಗಳಲ್ಲಿ, ಕಣಿವೆಗಳ ನೆತ್ತಿಯಲ್ಲಿ, ಯಾತ್ರೆಯ ದಾರಿಯ ಬಂಡೆಗಳ ಸಂದಿಯಲ್ಲಿ ರಾಶಿ ರಾಶಿಯಾಗಿ ಇಟ್ಟಿರುತ್ತಾರೆ. ಅಲ್ಲಿ ಈಗಲೂ ಜೀವಂತವಾಗಿರುವ ರೂಢಿ ರಾಜಘಟ್ಟದಲ್ಲಿ ಒಂದೂವರೆ ಸಾವಿರ ವರ್ಷಗಳ ಹಿಂದೆ ನಿಂತುಹೋಯಿತು.

ಇಲ್ಲಿನ ಬೌದ್ಧರಿಗೆ ರಾಜಾಶ್ರಯವೂ ಇತ್ತು. ಅದೇ ತಾಲ್ಲೂಕಿನ ಮೇಳೇಕೋಟೆಯಲ್ಲಿ ಸಿಕ್ಕ ಗಂಗ ದೊರೆ ಮಾಧವನ ತಾಮ್ರಪಟದಲ್ಲಿ ಬೌದ್ಧ ವಿಹಾರಕ್ಕೆ ಭೂಮಿ ಬಿಟ್ಟ ಸಂಗತಿ ಇದೆ. ಗಂಗರೆಂದರೆ ಜೈನರು ಎಂದು ಶಾಲೆಯಲ್ಲಿ ಕಲಿತವರಿಗೆ ಇದು ಸ್ವಲ್ಪ ಗಲಿಬಿಲಿ. ಆ ಅರಸರು ಬ್ರಾಹ್ಮಣರಿಗೂ ಜೈನರಿಗೂ ಬೌದ್ಧರಿಗೂ ಕೊಟ್ಟರು. ಅವರ ಬಿರುದುಗಳಲ್ಲಿ ಬಿಡದೆ ಬರುವುವು ಎರಡು: ಕುವಳಾಲಪುರವರೇಶ್ವರ, ನಂದಗಿರಿನಾಥ. ಮೊದಲನೆಯದು ಕೋಲಾರದ ಒಡೆತನ, ಎರಡನೆಯದು ಈ ಬೆಟ್ಟದ ಒಡೆತನ. ರಾಜಧಾನಿ ಕಾವೇರಿ ದಂಡೆಯ ತಲಕಾಡಿಗೆ ಹೋದ ಮೇಲೂ ಗಂಗರು ನಂದಗಿರಿಯನ್ನು ಬಿರುದಿನಿಂದ ಬಿಡಲಿಲ್ಲ. ಕುಲದ ಬೆಟ್ಟ ಅದು.

ಕಲ್ಲಿನ ಸಾಕ್ಷಿಗೆ ನಂದಿ ಗ್ರಾಮದ ಪಕ್ಕದ ಗೋಪಿನಾಥ ಬೆಟ್ಟಕ್ಕೆ ಹೋಗಬೇಕು. ದೊಡ್ಡ ನಂದಿಯ ಮುಂದೆ ಇದು ಗುಡ್ಡ, ಅಷ್ಟೇ. ಮೇಲೆ ಈಗ ಗೋಪಾಲಸ್ವಾಮಿಯ ಗುಡಿ. ಅಲ್ಲಿಯ ಬಂಡೆಯ ಮೇಲೆ ಎಂಟನೆಯ ಶತಮಾನದ ಶಾಸನವೊಂದಿದೆ, ಬಿ.ಎಲ್. ರೈಸ್ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಅದನ್ನು ಪ್ರಕಟಿಸಿದ. ಬೆಟ್ಟವನ್ನು ಅದು ಶ್ರೀಕುಂದ ಎಂದು ಕರೆಯುತ್ತದೆ. ಇಲ್ಲಿನ ಅರ್ಹಂತನ ಚೈತ್ಯವನ್ನು ಮೊದಲು ಕಟ್ಟಿದವನು ದಶರಥನ ಮಗ ರಾಮ, ಆಮೇಲೆ ಅದನ್ನು ಹೊಸದು ಮಾಡಿಸಿದವಳು ಪಾಂಡವರ ತಾಯಿ ಕುಂತಿ ಎಂದು ಹೇಳುತ್ತದೆ. ಇತಿಹಾಸವಾಗಿ ಇದು ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಎಂಟನೆಯ ಶತಮಾನದ ಜೈನನೊಬ್ಬನಿಗೆ ತನ್ನ ತೀರ್ಥ ಎಷ್ಟು ಹಳೆಯದಾಗಿ ಕಂಡಿತ್ತು ಎಂಬುದು ಮಾತ್ರ ಅದರಿಂದ ಸ್ಪಷ್ಟ. ರಾಮ, ಕುಂತಿ ಇಬ್ಬರಿಗೂ ಇಲ್ಲಿ ಜೈನ ಗುಡಿ ಕಟ್ಟುವ ಕೆಲಸ ಬಿದ್ದಿರುವುದರಲ್ಲಿ ಒಂದು ತಮಾಷೆಯೂ ಇದೆ. ಇದೇ ಸೀಮೆಯ ಕೈವಾರದಲ್ಲಿ ಕುಂತಿಯ ಮಗ ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂದು ಜನ ಇಂದಿಗೂ ಬೆಟ್ಟ ತೋರಿಸುತ್ತಾರೆ. ಪಾಂಡವರು ಈ ಭಾಗದಲ್ಲಿ ಎಲ್ಲರಿಗೂ ಬೇಕಾದ ನೆಂಟರು.

ಆಮೇಲೆ ಶಿವ ಬಂದ. ಒಂಬತ್ತನೆಯ ಶತಮಾನದ ಮೊದಲ ದಶಕದ ಹೊತ್ತಿಗೆ ನೊಳಂಬರ ಆಳ್ವಿಕೆಯಲ್ಲಿ ನಂದಿ ಗ್ರಾಮದಲ್ಲಿ ಶಿವಾಲಯ ಎದ್ದಿತ್ತು. ಸುಮಾರು 810ರ ತಾಮ್ರಪಟಗಳಲ್ಲಿ ಅದಕ್ಕೆ ಬಿಟ್ಟ ದತ್ತಿಯ ಉಲ್ಲೇಖವಿದೆ. ಗುಡಿ ಕಟ್ಟಿಸಿದ ಪುಣ್ಯ ಬಾಣರ ರಾಣಿ ರತ್ನಾವಳಿಗೆ ಸಲ್ಲುತ್ತದೆ. ಗಂಗ, ಚೋಳ, ಹೊಯ್ಸಳ, ವಿಜಯನಗರ, ಪಾಳೆಗಾರರು ಹೀಗೆ ಒಬ್ಬರ ಮೇಲೊಬ್ಬರು ಸೇರಿಸುತ್ತ ಹೋದರು. ಅರುಣಾಚಲೇಶ್ವರ, ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ. ನಡುವಿನ ಗುಡಿಯ ಮುಂದಿರುವ ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳನ್ನು ಹತ್ತಿರ ನಿಂತು ನೋಡಬೇಕು. ಬಳ್ಳಿ ಸುತ್ತಿಕೊಂಡು ಮೇಲೇರುತ್ತದೆ, ಬಳ್ಳಿಯ ಸಂದಿನಲ್ಲಿ ಗಿಳಿ, ಕೆಳಗೆ ಜೋಡಿ ಜೋಡಿಯಾಗಿ ಶಿವ-ಪಾರ್ವತಿ, ಬ್ರಹ್ಮ-ಸರಸ್ವತಿ, ವಿಷ್ಣು-ಲಕ್ಷ್ಮಿ, ಅಗ್ನಿ-ಸ್ವಾಹಾದೇವಿ. ಮದುಮಕ್ಕಳು ಇಲ್ಲಿಗೆ ಬಂದು ಕೈಮುಗಿಯುವುದು ಸುಮ್ಮನೆ ಅಲ್ಲ. ಪಕ್ಕದಲ್ಲಿ ನಾಲ್ಕೂ ಕಡೆ ಮೆಟ್ಟಿಲಿಳಿದ ಶೃಂಗಿ ತೀರ್ಥ. ನಂದಿ ತನ್ನ ಕೊಂಬಿನಿಂದ ನೆಲ ತಿವಿದು ಗಂಗೆಯನ್ನು ಎಬ್ಬಿಸಿದ ಜಾಗ, ದಕ್ಷಿಣ ಪಿನಾಕಿನಿ ಹುಟ್ಟುವುದು ಇಲ್ಲಿಂದಲೇ ಎಂದು ಸ್ಥಳಪುರಾಣ.

ಶಿವನ ಬದುಕನ್ನೇ ಇಲ್ಲಿ ಬೆಟ್ಟದ ಎತ್ತರಕ್ಕೆ ಹಂಚಿಟ್ಟಿದ್ದಾರೆ. ಅರುಣಾಚಲೇಶ್ವರ ಬಾಲ್ಯ, ಭೋಗನಂದೀಶ್ವರ ಯೌವನ, ಎರಡೂ ಕೆಳಗೆ. ಎಲ್ಲ ಬಿಟ್ಟ ಯೋಗನಂದೀಶ್ವರ ಒಬ್ಬನೇ ಮೇಲೆ. ಯೋಗಿಗೆ ಉತ್ಸವವಿಲ್ಲ. ಶಿವರಾತ್ರಿಯ ತೇರು, ಪರಿಷೆ, ದನಗಳ ಜಾತ್ರೆ ಎಲ್ಲ ಭೋಗನಂದಿಯದು, ಬುಡದ್ದು. ಈ ಏರ್ಪಾಟು ಮಾಡಿದವರಿಗೆ ಜನರ ಮನಸ್ಸು ಗೊತ್ತಿತ್ತು. ನೆತ್ತಿ ತಪಸ್ಸಿನವರಿಗಿರಲಿ, ಸಂಸಾರಸ್ಥರು ಬುಡದಲ್ಲಿ ಕಲೆಯಲಿ. ಆ ನೆತ್ತಿಯನ್ನು ಆಮೇಲೆ ಕೋಟೆಯವರು, ಬಂಗಲೆಯವರು ಬಂದು ಆಕ್ರಮಿಸಿದ್ದು ಬೇರೆ ಮಾತು.

ಊರುಗಳೂ ಬುಡದಲ್ಲೇ ಹುಟ್ಟಿದವು. ಕಂಚಿಯ ಕಡೆಯಿಂದ ತಪ್ಪಿಸಿಕೊಂಡು ಬಂದ ಏಳು ಮಂದಿ ಮೊರಸು ಒಕ್ಕಲಿಗ ಅಣ್ಣತಮ್ಮಂದಿರು ಗಾಡಿ ಬಿಚ್ಚಿದ್ದು ನಂದಿಯ ಪೂರ್ವಕ್ಕೆ, ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಎಂಬುದು ಆವತಿ ನಾಡಪ್ರಭುಗಳ ಮನೆತನದ ಕಥೆ. ಆ ಮನೆತನದ ಕವಲುಗಳಿಂದಲೇ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಪಾಳೆಯಪಟ್ಟುಗಳು ಬೆಳೆದವು.

ಹಾಗೆಂದು ಈ ಸೀಮೆಯ ಜನ ಬೆಟ್ಟ ಹತ್ತುವುದೇ ಇಲ್ಲ ಎಂದರೆ ಸುಳ್ಳಾದೀತು. ಆವಲಬೆಟ್ಟದ ಲಕ್ಷ್ಮೀನರಸಿಂಹ, ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ವೆಂಕಟರಮಣ ಭಕ್ತರನ್ನು ಮೇಲಕ್ಕೆ ಕರೆಸಿಕೊಳ್ಳುವ ದೇವರುಗಳು. ಚಿಂತಾಮಣಿಯ ಅಂಬಾಜಿದುರ್ಗದ ಬಳಿ ಈಚಿನ ದಶಕಗಳಲ್ಲಿ ಬಂಡೆ ಕೊರೆದು ಗುಹಾಲಯ ಮಾಡಿದ ಬೆಟ್ಟಕ್ಕೆ ಕೈಲಾಸಗಿರಿ ಎಂದೇ ಹೆಸರು. ಆದರೆ ಈ ಭಾಗದ ಬೆಟ್ಟಗಳಿಗೆ ನಿಜವಾದ ಯೋಗಿಯೊಬ್ಬನನ್ನು ಕೊಟ್ಟದ್ದು ಕೈವಾರ. ಬಳೆ ಮಾರುವ ಬಲಿಜಿಗರ ಮನೆಯ ನಾರಾಯಣಪ್ಪ, 1726ರಲ್ಲಿ ಹುಟ್ಟಿದವರು, ಮಲಾರ ಹೊತ್ತು ಊರೂರು ತಿರುಗುತ್ತಿದ್ದವರು. ಪರದೇಶಿಸ್ವಾಮಿ ಎಂಬ ಗುರು ಸಿಕ್ಕ ಮೇಲೆ ವ್ಯಾಪಾರ ಬಿಟ್ಟು ಕೈವಾರದ ಹತ್ತಿರದ ನರಸಿಂಹ ಗುಹೆ ಸೇರಿ ತಪಸ್ಸಿಗೆ ಕೂತರು ಎಂದು ಅವರ ಚರಿತ್ರೆ ಹೇಳುತ್ತದೆ. ಹೊರಬಂದಾಗ ಯೋಗಿ ನಾರೇಯಣ. ಜನರ ಬಾಯಲ್ಲಿ ಕೈವಾರ ತಾತಯ್ಯ. ತೆಲುಗು, ಕನ್ನಡ ಎರಡರಲ್ಲೂ ಹಾಡು ಕಟ್ಟಿದರು, ಕಾಲಜ್ಞಾನ ನುಡಿದರು, 1836ರಲ್ಲಿ ಸಮಾಧಿಯಾದರು ಎನ್ನುತ್ತಾರೆ. ಗುಹೆ ಮೇಲಿದೆ, ಮಠ, ಸಮಾಧಿ, ಅಮರನಾರೇಯಣಸ್ವಾಮಿಯ ದೇವಸ್ಥಾನ, ದಾಸೋಹ ಎಲ್ಲ ಕೆಳಗೆ ಊರಿನಲ್ಲಿ. ತಪಸ್ಸು ಮೇಲೆ, ಊಟ ಕೆಳಗೆ ಎಂಬ ನಂದಿಯ ಏರ್ಪಾಟೇ ಇಲ್ಲೂ.

ಗೌರಿಬಿದನೂರಿನ ಕಡೆ ಸುತ್ತು ಬರಲು ಬೆಟ್ಟವೂ ಬೇಡ, ಮರ ಸಾಕು. ನಂದಿ ಸಾಲಿನ ಚೆನ್ನಗಿರಿಯಲ್ಲಿ ಹುಟ್ಟಿ ಉತ್ತರಕ್ಕೆ ಹರಿಯುವ ಪಿನಾಕಿನಿಯ ದಂಡೆಯಲ್ಲಿ ವಿದುರಾಶ್ವತ್ಥವಿದೆ. ಮಹಾಭಾರತದ ವಿದುರ ನೆಟ್ಟದ್ದೆಂದು ನಂಬಿದ ಅಶ್ವತ್ಥದ ಬುಡದಲ್ಲಿ ನಾಗರಕಲ್ಲುಗಳ ಕಾಡೇ ಬೆಳೆದಿದೆ. ಮಕ್ಕಳಾಗಲೆಂದು, ಸರ್ಪದೋಷ ಕಳೆಯಲೆಂದು ಹರಕೆ ಹೊತ್ತವರು ತಂದು ಪ್ರತಿಷ್ಠೆ ಮಾಡಿದ ಸಾವಿರಾರು ಕಲ್ಲುಗಳು. ರಾಜಘಟ್ಟದ ಮಣ್ಣಿನ ಸ್ತೂಪಗಳಂತೆ ಇವುಗಳಲ್ಲೂ ಬಹುಪಾಲಿಗೆ ಹೆಸರಿಲ್ಲ. ಬೌದ್ಧರಿಗೆ ಅಶ್ವತ್ಥ ಬೋಧಿವೃಕ್ಷ, ಇಲ್ಲಿನ ಹೆಂಗಸರಿಗೆ ಪ್ರದಕ್ಷಿಣೆಯ ಮರ. ಆ ಹಳೆಯ ಮರ 2001ರಲ್ಲಿ ಉರುಳಿತು. ಸುತ್ತು ಬರುವುದು ಮಾತ್ರ ನಿಂತಿಲ್ಲ. 1938ರ ಏಪ್ರಿಲ್ 25ರಂದು ಇದೇ ಜಾತ್ರೆಯ ಜಾಗದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಮಂದಿ ಎಂಬುದು ರೂಢಿಯಲ್ಲಿರುವ ಲೆಕ್ಕ. ಅಂದಿನಿಂದ ಅಲ್ಲಿಗೆ ಹೋಗುವವರಿಗೆ ನಾಗಪ್ಪನ ಜೊತೆಗೆ ಹುತಾತ್ಮರ ಸ್ಮಾರಕಕ್ಕೂ ಒಂದು ನಮಸ್ಕಾರವಿದೆ.

ಬೆಟ್ಟವನ್ನು ಹತ್ತದೆ ಸುತ್ತುವ ಈ ಪದ್ಧತಿಗೆ ಜಗತ್ತಿನಲ್ಲಿ ದೊಡ್ಡ ಮಾದರಿ ಎಂದರೆ ಕೈಲಾಸ. 6,638 ಮೀಟರ್ ಎತ್ತರದ ಆ ಶಿಖರವನ್ನು ಯಾರೂ ಹತ್ತಿದ ದಾಖಲೆಯಿಲ್ಲ. ಟಿಬೆಟ್ಟಿನ ಬೌದ್ಧರಿಗೆ ಅದು ಚಕ್ರಸಂವರನ ನೆಲೆ, ಶೈವರಿಗೆ ಶಿವನ ಮನೆ, ಜೈನರಿಗೆ ಮೊದಲ ತೀರ್ಥಂಕರ ಋಷಭನಾಥ ಮುಕ್ತಿ ಪಡೆದ ಅಷ್ಟಾಪದ. ಮೂವರೂ ಬಲಕ್ಕಿಟ್ಟುಕೊಂಡು ಸುತ್ತುತ್ತಾರೆ. ಬೌದ್ಧಕ್ಕಿಂತ ಹಳೆಯದೆಂದು ಹೇಳಿಕೊಳ್ಳುವ ಬೋನ್ ಧರ್ಮದವರು ಮಾತ್ರ ಎಡಕ್ಕಿಟ್ಟುಕೊಂಡು ಎದುರು ದಿಕ್ಕಿನಿಂದ ಬರುತ್ತಾರೆ. ದಾರಿಯಲ್ಲಿ ಎರಡೂ ಗುಂಪು ಎದುರುಬದುರಾಗುತ್ತವೆ. ಸುತ್ತಿನ ದೂರ 52 ಕಿಲೋಮೀಟರ್. ನಡುವೆ ದಾಟಬೇಕಾದ ಡೋಲ್ಮಾ ಕಣಿವೆಯ ಎತ್ತರ 5,630 ಮೀಟರ್, ನಂದಿಯ ನೆತ್ತಿಯ ಮೂರೂವರೆ ಪಟ್ಟಿಗಿಂತ ಹೆಚ್ಚು. ಭಾರತದಿಂದ ಹೋದವರಿಗೆ ಸಾಮಾನ್ಯವಾಗಿ ಮೂರು ದಿನ ಬೇಕು. ಗಟ್ಟಿಗರಾದ ಟಿಬೆಟ್ಟಿಗರು ಒಂದೇ ದಿನದಲ್ಲಿ ಮುಗಿಸುತ್ತಾರೆ. ದಾರಿಯುದ್ದಕ್ಕೂ ಅಡ್ಡಬೀಳುತ್ತ ಹೋಗುವವರಿಗೆ ವಾರಗಳೇ ಹಿಡಿಯುತ್ತವೆ.

ಕನ್ನಡಿಗರಿಗೆ ಕೈಲಾಸ ಬಹುಕಾಲ ಕಥೆ ಕೀರ್ತನೆಯ ಊರಾಗಿತ್ತು. 1981ರಲ್ಲಿ ಕೇಂದ್ರ ಸರ್ಕಾರ ಲಿಪುಲೇಖ್ ಕಣಿವೆಯ ಮೂಲಕ ಯಾತ್ರೆ ಮತ್ತೆ ಶುರು ಮಾಡಿದ ಮೇಲೆ ಅದು ಅರ್ಜಿ ಹಾಕಿ, ವೈದ್ಯರ ಪರೀಕ್ಷೆ ಪಾಸಾಗಿ ಹೋಗಬಹುದಾದ ಊರಾಯಿತು. 2015ರಿಂದ ನಾಥು ಲಾ ದಾರಿಯೂ ತೆರೆಯಿತು. ಹೋಗಿಬಂದ ಕನ್ನಡಿಗರಿಗೆ ರಾಜ್ಯದ ಮುಜರಾಯಿ ಇಲಾಖೆ ಸಹಾಯಧನ ಕೊಡುತ್ತದೆ. ಕೊರೊನಾ ಬಂದ 2020ರಿಂದ ನಿಂತಿದ್ದ ಯಾತ್ರೆ 2025ರ ಜೂನ್‌ನಲ್ಲಿ ಮತ್ತೆ ಹೊರಟಾಗ ದೇಶಕ್ಕೆಲ್ಲ ಸೇರಿ ಇದ್ದದ್ದು 750 ಜನರಿಗೆ ಅವಕಾಶ: ಲಿಪುಲೇಖ್‌ನಿಂದ 50 ಜನರ ಐದು ತಂಡ, ನಾಥು ಲಾದಿಂದ ಅಷ್ಟೇ ಜನರ ಹತ್ತು ತಂಡ. ಆಷಾಢದ ಒಂದೇ ಸೋಮವಾರ ನಂದಿ ಸುತ್ತುವವರ ಸಂಖ್ಯೆಯ ಮುಂದೆ ಇದು ಏನೂ ಅಲ್ಲ.

ಆ ದಾರಿಯ ಕಷ್ಟ ಈ ನೆಲಕ್ಕೂ ತಟ್ಟಿದೆ. 1998ರ ಆಗಸ್ಟಿನಲ್ಲಿ ಪಿಥೌರಾಗಢ ಜಿಲ್ಲೆಯ ಮಾಲ್ಪಾದಲ್ಲಿ ರಾತ್ರಿ ಬೆಟ್ಟ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು ಅರವತ್ತು ಮಂದಿ ಕೈಲಾಸಕ್ಕೆ ಹೊರಟಿದ್ದ ಯಾತ್ರಿಕರು. ಒಡಿಸ್ಸಿ ಕಲಾವಿದೆ ಪ್ರೊತಿಮಾ ಬೇಡಿ ಅವರಲ್ಲೊಬ್ಬರು. ಆಕೆ 1990ರಲ್ಲಿ ನೃತ್ಯಗ್ರಾಮ ಕಟ್ಟಿದ್ದು ಹೆಸರಘಟ್ಟದಲ್ಲಿ. 1894ರಲ್ಲಿ ಅಲ್ಲಿ ಕಟ್ಟಿದ ಕೆರೆಯಿಂದ ಬೆಂಗಳೂರಿಗೆ ಮೊದಲ ಬಾರಿಗೆ ನಲ್ಲಿ ನೀರು ಹೋಯಿತು. ಆ ಕೆರೆ ತುಂಬಬೇಕಾದದ್ದು ಅರ್ಕಾವತಿ, ಅರ್ಕಾವತಿ ಹುಟ್ಟುವುದು ನಂದಿಯಲ್ಲಿ.

ನಂದಿಯ ಸುತ್ತಿನ ದಾರಿಗೆ ಅಂಥ ಅಪಾಯವಿಲ್ಲ, ಬೇರೆ ಕಿರಿಕಿರಿಗಳಿವೆ. ಹಿಂದೆ ಬಂಡಿಜಾಡು, ಕಾಲುದಾರಿಗಳಲ್ಲಿ ಸಾಗುತ್ತಿದ್ದವರು ಈಗ ಹೆಚ್ಚಿನ ಕಡೆ ಡಾಂಬರು ರಸ್ತೆಯಲ್ಲಿ, ವಾಹನಗಳ ಅಂಚಿನಲ್ಲಿ ನಡೆಯಬೇಕು. ಬಿಸಿಲೇರಿದರೆ ಬರಿಗಾಲಿನವರ ಪಾಡು ಹೇಳತೀರದು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ನ್ಯಾರೋಗೇಜ್ ರೈಲು ಬಂದ ಮೇಲೆ ಕಲ್ಲಿನ ಕಮಾನುಗಳ ನಂದಿ ಹಾಲ್ಟ್ ನಿಲ್ದಾಣದಲ್ಲಿ ಇಳಿದು ನಡೆದು ಬರುವುದು ರೂಢಿಯಾಗಿತ್ತು; ಈಗ ಬ್ರಾಡ್‌ಗೇಜ್ ಇದ್ದರೂ ಬಹುತೇಕರು ಬಸ್ಸು, ಟೆಂಪೋ, ಸ್ವಂತ ಗಾಡಿಗಳಲ್ಲೇ ಬಂದಿಳಿಯುತ್ತಾರೆ. 2023ರ ಜನವರಿ 15ರಂದು ಆವಲಗುರ್ಕಿಯ ಬಳಿ, ಮತ್ತೆ ಬೆಟ್ಟದ ಬುಡದಲ್ಲೇ, 112 ಅಡಿಯ ಆದಿಯೋಗಿ ಮೂರ್ತಿ ಅನಾವರಣಗೊಂಡ ಮೇಲೆ ಈ ಕಡೆಗೆ ಇನ್ನೊಂದು ಥರದ ಜನಪ್ರವಾಹ ಶುರುವಾಗಿದೆ. ಅದೇ ವರ್ಷದ ಮಾರ್ಚಿನಲ್ಲಿ ನಂದಿಯ ನೆತ್ತಿಗೆ ರೋಪ್‌ವೇ ಮಾಡಲು ಶಂಕುಸ್ಥಾಪನೆಯೂ ನಡೆಯಿತು. ಸರ್ಕಾರದ ಯೋಜನೆಗಳು ಎಂದಿನಂತೆ ಮೇಲಕ್ಕೇ ನೋಡುತ್ತವೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿ ಭೋಗನಂದಿ ಅಚ್ಚುಕಟ್ಟಾಗಿದೆ ಎಂಬುದನ್ನು ಬಿಟ್ಟರೆ, ಸುತ್ತುವವರಿಗೆ ನೆರಳಿನ ಸಾಲುಮರ, ಕಾಲಿಗೊಂದು ಮಣ್ಣುದಾರಿ ಬೇಕೆಂದು ಯಾರಿಗೂ ಹೊಳೆದಂತಿಲ್ಲ. ಅದಕ್ಕೆ ರೋಪ್‌ವೇಯಷ್ಟು ದುಡ್ಡೂ ಬೇಕಾಗಿರಲಿಲ್ಲ.

ಟಿಬೆಟ್ಟಿನ ಪಂಚಾಂಗದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಕುದುರೆಯ ವರ್ಷ ಬರುತ್ತದೆ. ಆ ವರ್ಷ ಕೈಲಾಸಕ್ಕೆ ಒಂದು ಸುತ್ತು ಬಂದರೆ ಹದಿಮೂರು ಸುತ್ತಿನ ಫಲ ಎಂದು ನಂಬಿ ದೂರದೂರದ ಬೌದ್ಧರು ಅಲ್ಲಿಗೆ ಹೋಗುತ್ತಾರೆ. 2014 ಅಂಥ ವರ್ಷ, 2026 ಅಂಥದೇ ಇನ್ನೊಂದು. ನಮ್ಮ ಪಂಚಾಂಗದಲ್ಲಿ 2026ಕ್ಕೆ ಅಧಿಕ ಜ್ಯೇಷ್ಠ ಬಂದು ಆಷಾಢ ಆಗಸ್ಟ್ 12ರ ಅಮಾವಾಸ್ಯೆಯವರೆಗೆ ಹೋಗುವುದರಿಂದ ನಂದಿ ಸುತ್ತುವ ಕೊನೆಯ ಸೋಮವಾರ ಆ ವರ್ಷ ಆಗಸ್ಟ್ 10ಕ್ಕೆ ಬೀಳುತ್ತದೆ. ಮುಂಗಾರು ಕೈಕೊಡದಿದ್ದರೆ ಅಷ್ಟು ಹೊತ್ತಿಗೆ ಕುಡುವತಿ, ಹೆಗ್ಗಡಿಹಳ್ಳಿ ಕಡೆಯ ಹೊಲಗಳಲ್ಲಿ ರಾಗಿ ಪೈರು ಮೊಣಕಾಲುದ್ದ ಬಂದಿರುತ್ತದೆ.